ಪಿಸುಮಾತಿನ ಪೆಟ್ಟಿಗೆ

ಉಸ್ಮಾನಸಾಬನ ಕಿವಿ ಮಂದವಾಗುತ್ತಿದೆ ಎಂಬುದು ಊರಿಗೆ ತಿಳಿಯುವ ಎಷ್ಟೋ ಮೊದಲೇ ಅವನ ಹೆಂಡತಿ ಸಾಬೀರಾಗೆ ತಿಳಿದಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಅವರ ಮನೆ; ಮನೆಯ ಮುಂದಿನ ಕೋಣೆಯೇ ಮೈಕ್‌ಸೆಟ್ಟಿನ ಅಂಗಡಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಈ ಊರುಗಳಲ್ಲಿ ಲಗ್ನವಿರಲಿ, ನಾಟಕವಿರಲಿ, ಮೊಹರಮ್ಮಿನ ಹೆಜ್ಜೆಮೇಳವಿರಲಿ, ಖಾದಿ ಟೋಪಿಯವರ ಸಭೆಯಿರಲಿ, ಮೈಕು ಎಂದರೆ ಉಸ್ಮಾನಸಾಬನದೇ. ವರ್ಷಾನುಗಟ್ಟಲೆ ಅವನು ಭೋಂಗಾದ ಬುಡದಲ್ಲಿ ಕೂತು ಬಂದವನು. ಊರಿಗೆ ಊರೇ ಕೇಳಲೆಂದು ಕೂಗುವ ಆ ತಗಡಿನ ಬಾಯಿ, ಎಲ್ಲರಿಗಿಂತ ಹತ್ತಿರ ಕೂತವನ ಕಿವಿಯನ್ನೇ ತಿಂದುಹಾಕಿತು.

ಅವನು ಅದನ್ನು ಬಹಳ ದಿನ ಮುಚ್ಚಿಟ್ಟ. ಕಿವುಡ ಮೈಕಿನವನನ್ನು ಕೆಲಸಕ್ಕೆ ಯಾರು ಕರೆದಾರು? ಎದುರಿನವರು ಏನೇ ಹೇಳಿದರೂ ತುಸು ನಕ್ಕು, ಹೂಂ ಎಂದು ತಲೆಯಾಡಿಸುತ್ತಿದ್ದ. ಬಹಳಷ್ಟು ಮಾತುಗಳಿಗೆ ಅಷ್ಟೇ ಸಾಕಾಗುತ್ತಿತ್ತು ಕೂಡ. ಆದರೆ ಮನೆಯಲ್ಲಿ ಸಾಕಾಗುತ್ತದೆಯೇ? ಸಾಬೀರಾಳದು ಹುಟ್ಟಾ ಸಣ್ಣ ದನಿ. ಲಗ್ನವಾಗಿ ಬಂದ ಹೊಸದರಲ್ಲಿ ಅತ್ತೆ, "ಯಾರಿಗೆ ಹೇಳಾಕತ್ತೀಯವಾ, ಇರಿವಿಗೇನು?" ಎಂದು ಚೇಷ್ಟೆ ಮಾಡುತ್ತಿದ್ದಳು. ಅಂಥವಳು ಈಗ ಗಂಡನನ್ನು ಊಟಕ್ಕೆ ಕರೆಯಬೇಕಾದರೂ ಗಂಟಲ ನರ ಉಬ್ಬುವಂತೆ ಒದರಬೇಕು.

ಒದರಿ ಹೇಳುವ ಮಾತೇ ಬೇರೆ, ಒದರಲಾಗದ ಮಾತೇ ಬೇರೆ. ರೊಟ್ಟಿ ಆರುತ್ತಿದೆ ಎಂದು ಒದರಬಹುದು, ದೀಪದ ಗಾಸಲೇಟು ತೀರಿದೆ ಎಂದು ಒದರಬಹುದು. ನನಗೇಕೋ ಇವತ್ತು ಬೇಸರ ಎಂದು ಒದರಲಿಕ್ಕೆ ಬರುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಉಳಿದದ್ದು ರೊಟ್ಟಿಯ ಮಾತು, ಗಾಸಲೇಟಿನ ಮಾತು ಇಷ್ಟೇ. ಉಳಿದದ್ದೆಲ್ಲ ಸಾಬೀರಾಳ ಹೊಟ್ಟೆಯಲ್ಲೇ ಕೂತಿತು.

ಅದರಲ್ಲಿ ಎಲ್ಲಕ್ಕಿಂತ ಭಾರವಾದದ್ದು ರೋಶನಬಿಯ ಮಾತು.

ರೋಶನಬಿ ಅವರ ಒಬ್ಬಳೇ ಮಗಳು. ಸ್ವಾತಂತ್ರ್ಯ ಬಂದ ಮರು ಬೇಸಿಗೆ, ಸಂಸ್ಥಾನಗಳೆಲ್ಲ ಹೋಗಿ ಶಿರಹಟ್ಟಿ, ಲಕ್ಷ್ಮೇಶ್ವರಗಳೂ ಮುಂಬಯಿ ಸರಕಾರಕ್ಕೆ ಸೇರಿದ ಹೊತ್ತು. ಶಿರಹಟ್ಟಿಯಲ್ಲಿ ದೊಡ್ಡ ಸಭೆ. ಉಸ್ಮಾನಸಾಬ ಸೆಟ್ಟು ಹೇರಿಕೊಂಡು ಹಿಂದಿನ ದಿನವೇ ಹೋಗಿದ್ದ. ಇತ್ತ ಮಗುವಿಗೆ ಜ್ವರ ಬಂತು, ಗಂಟಲು ಬಾತು ಕಟ್ಟಿಕೊಂಡಿತು. ಡಾಕ್ಟರು ನೋಡಿ, "ತಂದೀನ್ನ ಕರಸ್ರಿ" ಎಂದರು. ಬಾಜೂ ಮನೆಯ ನೇಕಾರ ಮೂಕಪ್ಪ ಮಗ್ಗ ಬಿಟ್ಟೆದ್ದು, ಉರಿಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಶಿರಹಟ್ಟಿಗೆ ಹೋಗಿ ಬಂದ. "ಕಿವ್ಯಾಗ ಹೇಳಿ ಬಂದೇನಿ, ತಂಗಿ. ಹೂಂ ಅಂದ. ಹಿಂದಿಂದ ಬರ್ತಾನ" ಎಂದ. ಸಾಬೀರಾ ಬಾಗಿಲು ನೋಡುತ್ತ ಕೂತಳು. ಅವನು ಬರಲಿಲ್ಲ. ಮಗು ಹೋಯಿತು. ಬಿಸಿಲಿನ ದಿನ, ಹಿರಿಯರು ಕಾಯಲಿಲ್ಲ, ದಫನ್ ಮುಗಿಯಿತು. ಮರುದಿನ ಸಭೆ ಮುಗಿಸಿ, ಸಾಮಾನು ಹೇರಿಕೊಂಡು ಉಸ್ಮಾನಸಾಬ ಬಂದ. ಓಣಿಯ ಬಾಯಲ್ಲೇ ಯಾರೋ ಹೇಳಿದ್ದರು; ಅಳುತ್ತಲೇ ಒಳಗೆ ಬಂದು ಕುಸಿದ.

ಸಾಬೀರಾ ಏನೂ ಕೇಳಲಿಲ್ಲ. ಭಾಷಣ ಮುಗಿಯುವ ತನಕ ಕೂತವನನ್ನು ಏನೆಂದು ಕೇಳುವುದು? ಮೂಕಪ್ಪ ಅದೇ ವರ್ಷ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಒಂದೇ ಸೂರಿನಡಿ ಎಂಟು ವರ್ಷ ಸಾಗಿದವು.

*

ಕರ್ನಾಟಕ ಒಂದಾಗುವುದು ಖಾತ್ರಿಯಾದ ವರ್ಷ, ಮಳೆಗಾಲ ಹಿಂದಾಗುವ ಹೊತ್ತಿಗೆ ಅಂದಪ್ಪ ಹೇಳಿ ಕಳಿಸಿದ. ಅಂದಪ್ಪ ಗದಗಿನ ಹತ್ತಿಯ ಅಡತಿ ವ್ಯಾಪಾರಿ. ಏಕೀಕರಣದ ಸಭೆಗಳಿಗೆ ಕೈಬಿಚ್ಚಿ ಖರ್ಚು ಮಾಡಿದವನು, ಹಾಡೆಂದರೆ ಹುಚ್ಚು. ಅವನ ವಖಾರಿನಲ್ಲಿ, ಸೂರಿನ ತನಕ ಪೇರಿಸಿದ ಹತ್ತಿಯ ಅಂಡಿಗೆಗಳ ನಡುವೆ, ಮುಂಬಯಿಯಿಂದ ಬಂದ ಸಾಮಾನುಗಳನ್ನು ಬಿಚ್ಚಿ ಹರವಿದ್ದರು: ದೊಡ್ಡ ಚಕ್ರಗಳ ಟೇಪ್ ಯಂತ್ರ, ಜೇನುಹುಟ್ಟಿನಂಥ ಮೈಕು, ಎರಡು ಕಿವಿಗೂ ಕೂಡುವ ಹೆಡ್‌ಫೋನು. ಇವೆಲ್ಲದರ ನಡುವೆ ಬೂದುಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ. ಅದರ ಮುಖಕ್ಕೆ ಎರಡು ತಿರುಗಣಿ, ಗಾಜಿನ ಹಿಂದೆ ಕೂದಲೆಳೆಯಂಥ ಮುಳ್ಳು.

"ನವೆಂಬರ್ ಒಂದಕ್ಕ ನಮ್ಮ ಹಾಡು ನಾಕೂ ಊರಾಗ ಮೊಳಗಬೇಕು, ಉಸ್ಮಾನಸಾಬ," ಅಂದಪ್ಪ ಅವನ ಕಿವಿಗೆ ಬಾಯಿಟ್ಟು ಕೂಗಿದ. "ಕಣಗಿನಹಾಳದ ಸಾವಂತ್ರೆವ್ವ ಹಾಡತಾಳ. ನೀ ಟೇಪಿಗೆ ಹಿಡೀಬೇಕು."

ಸಾಮಾನಿನ ಜೊತೆ ಬಂದಿದ್ದ ಮುಂಬಯಿಯ ಮನುಷ್ಯ ಒಂದು ಹಗಲು ಇದ್ದು, ಕೂಡಿಸುವುದನ್ನು ತೋರಿಸಿ, ಸಂಜೆ ರೈಲು ಹತ್ತಿದ. ಮುಂದಿನದನ್ನು ಉಸ್ಮಾನಸಾಬನೇ ಕಲಿಯಬೇಕಾಯಿತು. ಆ ಮೈಕು ಬಲು ನಾಜೂಕಿನದು. ಅದರಿಂದ ಹೊರಡುವ ದನಿ ತೀರ ಬಡಕಲು. ಆ ಬಡಕಲು ದನಿಯನ್ನು ಕೈಹಿಡಿದು ಎಬ್ಬಿಸಿ, ಅದರ ಬಣ್ಣ ಕೆಡದಂತೆ ಬೆಳೆಸಿ, ಟೇಪಿಗೆ ದಾಟಿಸುವುದೇ ಪೆಟ್ಟಿಗೆಯ ಕೆಲಸ. ಮೊದಲನೆಯ ತಿರುಗಣಿ ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸುತ್ತಿತ್ತು, ಎರಡನೆಯದು ನುಣ್ಣಗೆ ಜಾರುತ್ತಿತ್ತು. ಒಳಗಿನ ವಾಲ್ವುಗಳು ಕೆಂಪಗೆ ಕಾಯುವ ತನಕ ಸುಮ್ಮನೆ ಕಾಯಬೇಕು. ಎಲ್ಲವನ್ನೂ ತುಂಬ ತಿರುಗಿಸಿ ಊರಿಗೆ ಕೇಳಿಸುವುದೇ ತನ್ನ ವಿದ್ಯೆ ಎಂದುಕೊಂಡಿದ್ದ ಅವನಿಗೆ ಇದು ತಿರುಗುಮುರುಗಾದ ಪಾಠ. ಮುಳ್ಳು ಎಲ್ಲಿ ನಿಲ್ಲಬೇಕು ಎಂಬುದನ್ನು ಕಣ್ಣಿಂದ ಕಲಿತ. ಆದರೆ ದನಿ ಹರಿದು ಒಡಕಾಗಿದೆಯೋ, ಹಿಂದೆ ಗುಂಯ್ ಎಂಬ ಸದ್ದು ಕೂಡಿಕೊಂಡಿದೆಯೋ, ಅದನ್ನು ಮುಳ್ಳು ಹೇಳುವುದಿಲ್ಲ. ಅದಕ್ಕೆ ಕಿವಿಯೇ ಬೇಕು.

ಹಾಗೆ ಸಾಬೀರಾ ವಖಾರಿಗೆ ಬರತೊಡಗಿದಳು. ಬುತ್ತಿ ತರುವ ನೆವ ಮೊದಲಿಗೆ. ಆಮೇಲೆ ನೆವ ಬೇಕಾಗಲಿಲ್ಲ. ಅಂದಪ್ಪನ ಮನೆಯಲ್ಲಿ ಇಳಿದುಕೊಂಡಿದ್ದ ಸಾವಂತ್ರೆವ್ವ ಬಂದು ಹಾಡಿ ನೋಡುವಾಗ ಸಾಬೀರಾ ಹೆಡ್‌ಫೋನು ಹಾಕಿಕೊಂಡು ಕೂರುವಳು. ದನಿ ಹರಿದರೆ ಗಂಡನ ಭುಜ ಹಿಂಡುವಳು. ಅವನು ಒಂದು ಮೆಟ್ಟಿಲು ಇಳಿಸುವನು. ಅತಿ ಇಳಿದರೆ ಮಳೆ ಹನಿಯುವಂತೆ ಸುಸ್ ಎನ್ನುವ ಸದ್ದು ಹಾಡಿನ ಹಿಂದೆ ನಿಲ್ಲುತ್ತಿತ್ತು, ಮತ್ತೆ ಏರಿಸಬೇಕು. ಕರೆಂಟಿನ ವಾಯರು ಮೈಕಿನ ವಾಯರಿಗೆ ತಾಗಿದ್ದರೆ ದುಂಬಿ ಹೊಕ್ಕಂತಾಗುತ್ತಿತ್ತು. ಪಕಾರ, ಭಕಾರ ಬಂದಾಗ ಉಸಿರು ಮೈಕಿಗೆ ಬಡಿದು ಧಪ್ಪೆನ್ನುತ್ತಿತ್ತು; ಬಾಯಿ ತುಸು ಓರೆಯಾದರೆ ಸರಿಹೋಗುತ್ತಿತ್ತು. ದಿನ ಹೋದಂತೆ ಅವಳಿಗೆ ಭುಜ ಹಿಂಡುವುದೂ ಬೇಡವಾಯಿತು. ತಿರುಗಣಿಯ ಮೇಲೆ ಅವಳ ಕೈಯೇ ತಾನಾಗಿ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಸಾವಂತ್ರೆವ್ವ ಬರಲಿಲ್ಲ. ಉಸ್ಮಾನಸಾಬ ತಾನು ಹೆಡ್‌ಫೋನು ಏರಿಸಿಕೊಂಡು, ಹೆಂಡತಿಯನ್ನು ಮೈಕಿನ ಮುಂದೆ ಕೂರಿಸಿದ. "ಏನರೆ ಮಾತಾಡು. ಮುಳ್ಳು ನೋಡಬೇಕು."

ಸಾಬೀರಾಗೆ ನಾಚಿಕೆ. ಮುಸುಕು ಎಳೆದುಕೊಂಡು, ತನ್ನಷ್ಟಕ್ಕೆ ಎಂಬಂತೆ, "ಏನ್ ಮಾತಾಡ್ಲಿ ನಾ? ಮುಂಜಾನಿಂದ ನೀರ ಸೈತ ಕುಡದಿಲ್ಲ ಈ ಮನಷ್ಯಾ" ಎಂದಳು.

"ಕುಡದೇನಿ," ಉಸ್ಮಾನಸಾಬ ಪೆಟ್ಟಿಗೆಯಿಂದ ಕಣ್ಣೆತ್ತದೆ ಅಂದ. "ಆಗಳೆ ಹಮಾಲ ತಂದು ಕೊಟ್ಟ."

ಅವನು ನಿಧಾನಕ್ಕೆ ತಲೆಯೆತ್ತಿ ಅವಳನ್ನು ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಕೇಳಸ್ತೇನ್ರಿ?" ಎಂದಳು, ಇನ್ನೂ ಸಣ್ಣಗೆ.

"ಕೇಳಸ್ತೈತಿ." ಅವನು ಮೈಕನ್ನು ಅವಳ ಹತ್ತಿರಕ್ಕೆ ಸರಿಸಿದ. "ಹಂಗ ಐತೆಲ್ಲ ನಿನ್ನ ದನಿ. ನಾ ಏನೋ ಅದೂ ಒದರಿ ಒದರಿ ಕೆಟ್ಟಿರಬೇಕು ಅಂದಕೊಂಡಿದ್ದೆ."

ಅಂದಿನಿಂದ ಕೆಲಸ ಮುಗಿದ ಮೇಲೆ ತುಸು ಹೊತ್ತು ಅವರಿಬ್ಬರೇ ಕೂರುವುದು ರೂಢಿಯಾಯಿತು. ಹತ್ತಿಯ ಅಂಡಿಗೆಗಳು ಹೊರಗಿನ ಗಾಡಿ, ಗಿರಣಿ, ಹಮಾಲರ ಸದ್ದನ್ನೆಲ್ಲ ನುಂಗಿ ಕೂತಿರುತ್ತಿದ್ದವು. ಅವಳು ಮೈಕಿಗೆ ಮಾತಾಡುವಳು, ಅವನು ಹೆಡ್‌ಫೋನಿನಲ್ಲಿ ಕೇಳಿ ಉತ್ತರ ಕೊಡುವನು. ಎದುರುಮನೆಯ ಮರಿಯವ್ವನ ಬೆಕ್ಕು ಮಗ್ಗದ ಕುಣಿಯಲ್ಲಿ ಮರಿ ಹಾಕಿದ್ದು, ತವರಿನ ಕಡೆಯ ಲಗ್ನ, ತೀರಿಹೋದ ಅತ್ತೆ ಮಾಡುತ್ತಿದ್ದ ಖಿಚಡಿ, ಏನೇನೋ ಮಾತು. ಒಮ್ಮೆ ಅವನು ಬಾಯಿ ಬಿಟ್ಟ: "ಹುಬ್ಬಳ್ಳಿಗೆ ಸಾಮಾನ ತರಾಕ ಅಂತ ಹೋಗಿದ್ನೆಲ್ಲ, ಖರೇನ ಹೋದದ್ದು ಡಾಕ್ಟರ್ ಕಡೆ. ಕಿವಿ ಪೂರಾ ಹೋಗ್ತೈತಿ ಅಂದಾನ. ಬರೂ ವರ್ಷ ಇಷ್ಟೊತ್ತಿಗೆ ಇಷ್ಟೂ ಇರೂದಿಲ್ಲಂತ." ಸಾಬೀರಾ ಮೈಕಿನಿಂದ ಮುಖ ತಿರುಗಿಸಿ ಅತ್ತಳು. ಅಳು ಅವನಿಗೆ ಕೇಳಬಾರದೆಂದು.

ಆ ದಿನಗಳಲ್ಲಿ ಅವಳು ರಾಜಿಯಾಗುತ್ತ ಬಂದಿದ್ದಳು. ಕೇಳಬೇಕಾದದ್ದನ್ನು ಕೇಳದೇ ಬಿಟ್ಟರೂ ಆದೀತು ಎಂದುಕೊಳ್ಳುತ್ತಿದ್ದಳು. ಆದರೆ ಪೆಟ್ಟಿಗೆ ತಮ್ಮದಲ್ಲ. ಹಬ್ಬ ಮುಗಿದರೆ ಅದು ಎಲ್ಲಿಗೋ ಹೋಗುತ್ತದೆ; ಮತ್ತೆ ಒದರುವ ಬಾಳು, ಆಮೇಲೆ ಒದರಿದರೂ ಕೇಳದ ಬಾಳು. ಈಗ ಬಿಟ್ಟರೆ ಎಂದಿಗೂ ಇಲ್ಲ. ಹಿಂಗಾರಿ ಮಳೆ ತಗಡಿನ ಮೇಲೆ ಹೊಯ್ದು ನಿಂತ ಒಂದು ಮಧ್ಯಾಹ್ನ ಅವಳು ಮೈಕಿನ ಹತ್ತಿರ ಸರಿದಳು.

"ಒಂದ ಮಾತು ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಕೇಳು."

"ಆವತ್ತು ಮೂಕಪ್ಪಣ್ಣ ಬಂದು ಹೇಳಿದಮ್ಯಾಲೂ ಯಾಕ ಬರಲಿಲ್ಲ ನೀವು?"

"ಯಾವತ್ತು?"

"ರೋಶನಬಿ ಹೋದಾಗ."

ಎಂಟು ವರ್ಷದಲ್ಲಿ ಆ ಹೆಸರು ಅವರ ನಡುವೆ ಬಂದದ್ದು ಅದೇ ಮೊದಲು. ಉಸ್ಮಾನಸಾಬ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

"ಮೂಕಪ್ಪ? ಎಲ್ಲಿಗೆ ಬಂದಿದ್ದ?"

"ಶಿರಹಟ್ಟಿಗೆ. ಸಭಾದಾಗ. ಕೂಸಿಗೆ ಭಾಳ ಆಗೇತಿ, ಜಲ್ದಿ ಬಾ ಅಂತ ಕಿವ್ಯಾಗ ಹೇಳಿದ್ನಂತ. ನೀವು ಹೂಂ ಅಂದ್ರಂತ."

ಅವನ ಕಣ್ಣು ಎಲ್ಲಿಯೋ ಇತ್ತು. ಶಿರಹಟ್ಟಿಯ ಆ ಬಯಲಿನಲ್ಲೇ ಇರಬೇಕು.

"ಬಂದಿದ್ದ," ಎಂದ ಕೊನೆಗೆ. "ಹೌದು, ಬಂದಿದ್ದ. ಭಾಷಣ ನಡದಿತ್ತು. ಭೋಂಗಾದ ಬುಡಕ ಬಂದು ಏನೋ ಅಂದ. ಇವನೂ ಸಭಾ ನೋಡಾಕ ಬಂದಾನ, ಚಹಾ ಕುಡದು ಬರ್ತೇನಿ ಅನ್ನಾಕತ್ತಾನ ಅಂತ ತಿಳಕೊಂಡೆ. ಹೂಂ ಅಂದೆ."

"ಯಾ ಅಲ್ಲಾ," ಎಂದಳು ಸಾಬೀರಾ.

"ನನಗ ಕೇಳಸಲಿಲ್ಲ, ಸಾಬೀರಾ. ಅಷ್ಟರಾಗ ನನ್ನ ಒಂದು ಕಿವಿ ಹೋಗಿತ್ತು." ಅವನು ಅವಳನ್ನೇ ನೋಡಿದ. "ನಾ ಏನ ತಿಳದಿದ್ದೆ ಗೊತ್ತೈತೇನು? ಇಕಿ ಯಾರನ್ನೂ ಕಳಸಲೇ ಇಲ್ಲ, ನನ್ನ ಕೂಸಿನ ಮಾರಿ ಸೈತ ತೋರಿಸದ ಮಣ್ಣ ಮಾಡಿಸಿದಳು ಅಂತ. ಇಷ್ಟು ವರ್ಷ ನಾನೂ ಕೇಳಲಿಲ್ಲ ನಿನ್ನ."

ಸಾಬೀರಾಳ ಎದೆಯ ಮೇಲಿನ ಕಲ್ಲು ಆ ಗಳಿಗೆಯಲ್ಲಿ ಇಳಿಯಿತು. ಇಳಿದ ಕಲ್ಲು ಎಲ್ಲಿ ಹೋಗಿ ಬಿತ್ತೆಂಬುದು ಗಂಡನ ಮುಖ ನೋಡಿದಾಗ ತಿಳಿಯಿತು. ಇಷ್ಟು ವರ್ಷ ಅವನಿಗಿದ್ದದ್ದು ಮಗಳು ಹೋದಳೆಂಬ ದುಃಖ, ಹೆಂಡತಿಯ ಮೇಲಿನ ಸಿಟ್ಟು. ಇಂದು ಅವನಿಗೆ ಇನ್ನೊಂದು ಗೊತ್ತಾಯಿತು: ಮಗಳ ಕರೆ ತನ್ನ ಕಿವಿಯ ತನಕ ಬಂದು ನಿಂತಿತ್ತು, ತಾನು ಹೂಂ ಎಂದು ಅದನ್ನು ಹಿಂದಕ್ಕೆ ಕಳಿಸಿದ್ದ. ಕೇಳಬಾರದಾಗಿತ್ತು, ಎಂದುಕೊಂಡಳು ಸಾಬೀರಾ. ಇಷ್ಟು ವರ್ಷ ಹೊತ್ತವಳಿಗೆ ಇನ್ನಷ್ಟು ವರ್ಷ ಹೊರಲು ಏನಾಗಿತ್ತು?

ಉಸ್ಮಾನಸಾಬ ಹೆಡ್‌ಫೋನು ತೆಗೆದು ಪೆಟ್ಟಿಗೆಯ ಮೇಲಿಟ್ಟು ಎದ್ದು ಹೋದ. ವಖಾರಿನ ಅಂಗಳದಲ್ಲಿ, ಒದ್ದೆ ನೆಲದ ಮೇಲೆ, ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ಕೂತ. ಅವಳು ಹೋಗಿ ಕರೆದಳು. ಸಾಮಾನ್ಯ ದನಿಯಲ್ಲಿ ಕರೆದಳು, ಒದರಿ ಕರೆದಳು. ಅವನು ತಿರುಗಲಿಲ್ಲ. ಕೇಳಲಿಲ್ಲವೋ, ಕೇಳಿಯೂ ತಿರುಗಲಿಲ್ಲವೋ, ಅವಳಿಗೆ ತಿಳಿಯಲಿಲ್ಲ.

*

ಆಮೇಲೆ ಅವನು ಹೆಡ್‌ಫೋನು ಮುಟ್ಟಲಿಲ್ಲ. ಕೆಲಸಕ್ಕೆ ಬರುವನು, ವಾಯರು ಕೂಡಿಸುವನು, ಟೇಪು ಏರಿಸುವನು, ಗೋಡೆಗೆ ಮುಖ ಮಾಡಿ ಕೂರುವನು. ಪೆಟ್ಟಿಗೆ ಪೂರ್ತಿ ಸಾಬೀರಾಳ ಪಾಲಿಗೆ ಬಂತು.

ಹಾಡು ಹಿಡಿಯುವ ದಿನ ಸಾವಂತ್ರೆವ್ವ ಹೊಸ ಇಳಕಲ್ ಸೀರೆಯುಟ್ಟು ಬಂದಳು. ಹೊಲದ ಈ ತುದಿಯಲ್ಲಿ ನಿಂತು ಹಾಡಿದರೆ ಆ ತುದಿಯಲ್ಲಿ ಕಳೆ ತೆಗೆಯುವವರು ಸೊಲ್ಲು ಕೂಡಿಸುವಂಥ ಗಂಟಲು ಅವಳದು. ಹಾರ್ಮೋನಿಯಂ ಹಿಡಿದು ಹೇಮಪ್ಪ ಮಾಸ್ತರ, ನೋಡಲು ಅಂದಪ್ಪ. ರೂಢಿಗಾಗಿ ಹಾಡುವಾಗ ತಗ್ಗಿರುತ್ತಿದ್ದ ದನಿ, ಹೊಸ ಸೀರೆಯ ಹುರುಪಿಗೆ ಮೊದಲ ಸೊಲ್ಲಿಗೇ ಹಾರಿತು. ಮುಳ್ಳು ಕೆಂಪು ಗೆರೆಗೆ ಬಡಿಯಿತು. ಸಾಬೀರಾಳ ಕಿವಿಯಲ್ಲಿ ಹಳೇ ಧೋತರ ಹರಿದಂತಾಯಿತು. ತಿರುಗಣಿ ಇಳಿಸಿದರೆ ಗಟ್ಟಿ ಸೊಲ್ಲು ಸರಿಯಾಗುತ್ತಿತ್ತು, ಸಣ್ಣ ಸೊಲ್ಲು ಸಾಯುತ್ತಿತ್ತು. ಎರಡು ಸಲ ಹಿಡಿದರು, ಎರಡು ಸಲವೂ ಕೆಟ್ಟಿತು. ಸಾವಂತ್ರೆವ್ವ ಬೆವರು ಒರೆಸಿಕೊಂಡು, "ನನ್ನ ಗಂಟಲಾ ಹೊಲಕ್ಕ ಲಾಯಕ್ಕೈತಿ ಬಿಡ್ರಿ, ಈ ಡಬ್ಬಿಗಲ್ಲ" ಎಂದಳು.

ಸಾಬೀರಾ ಎದ್ದು ಹೋಗಿ ಅವಳ ಮುಂದೆ ಕೂತಳು. "ಅಕ್ಕಾ, ದೂರದ ಮಂದಿಗೆ ಹಾಡಬ್ಯಾಡ್ರಿ. ದೂರಕ ಒಯ್ಯಾಕ ಪೆಟಿಗಿ ಐತಿ. ನೀವು ಇಲ್ಲೇ, ಮೊಳ ದೂರದಾಗ ಒಬ್ಬರು ಅದಾರ, ಅವರಿಗೆ ಆರಾಮ ಇಲ್ಲ ಅಂತ ತಿಳಕೋರಿ. ಅವರಿಗಷ್ಟ ಹಾಡ್ರಿ."

ಸಾವಂತ್ರೆವ್ವ ಅವಳ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು.

"ಹರಿದು ಹಂಚಿ ಹೋದ ಸೀರಿ ಹೊಲಕೊಂಡು ಉಟ್ಟೇವ, ತಂಗೀ..."

ಮುಳ್ಳು ಮೆಲ್ಲಗೆ ಮೇಲೆದ್ದು, ತೂಗಿ, ಹದದಲ್ಲಿ ನಿಂತಿತು. ಆ ದನಿಯಲ್ಲಿ ಈಗ ಉಸಿರು ಕೇಳುತ್ತಿತ್ತು, ತುಟಿ ಕೂಡುವುದು ಕೇಳುತ್ತಿತ್ತು, ಸೊಲ್ಲಿನ ತುದಿಯಲ್ಲಿ ಸಣ್ಣದೊಂದು ನಡುಕ ಕೇಳುತ್ತಿತ್ತು. ನಾಡು ಕೂಡಿದ ಸಂತೋಷದ ಹಾಡು ಅದು. ಆದರೆ ಅದನ್ನು ಕೇಳುತ್ತ ಸಾಬೀರಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೆರಳು ಮಾತ್ರ ತಿರುಗಣಿಯ ಮೇಲೆ ಅಲ್ಲಾಡಲಿಲ್ಲ. ಹಾಡು ಮುಗಿದು ಟೇಪು ನಿಂತ ಮೇಲೆ ಅವಳು ಗಂಡನ ಕಡೆ ಹೆಡ್‌ಫೋನು ಚಾಚಿದಳು. ಅವನು ಬೇಡವೆಂದು ಕೈಯಾಡಿಸಿದ.

ನವೆಂಬರ್ ಒಂದರಂದು ಲಾರಿಗೆ ಬಾಳೆಕಂಬ ಕಟ್ಟಿ, ಟೂರಿಂಗ್ ಟಾಕೀಸಿನಿಂದ ಎರವಲು ತಂದ ಜನರೇಟರನ್ನು ಹಿಂದೆ ಹೂಡಿ, ಹಾಡಿನ ಮೆರವಣಿಗೆ ಹೊರಟಿತು. ಭೋಂಗಾ ಕಿರುಚಿದರೆ ಉಸ್ಮಾನಸಾಬನಿಗೆ ತಿಳಿಯುವುದಿಲ್ಲವೆಂದು ಸಾಬೀರಾಳೂ ಹೊರಟಳು. ಮುಂದೆ ಡ್ರೈವರನ ಬಾಜೂಕ್ಕೆ ಅವಳು, ಸಾವಂತ್ರೆವ್ವ. ಗದಗಿನ ಬಜಾರದಲ್ಲಿ ಜನ ಗುಲಾಲು ಎರಚಿದರು. ಲಕ್ಷ್ಮೇಶ್ವರದಲ್ಲಿ ಹೆಂಗಸರು ಆರತಿ ತಂದು, ಹಾಡಿದಾಕೆ ಇವಳೇ ಎಂದು ತಿಳಿದು, ಸಾವಂತ್ರೆವ್ವನನ್ನು ಲಾರಿಯಿಂದ ಇಳಿಸಿ ಉಡಿ ತುಂಬಿದರು.

ಶಿರಹಟ್ಟಿಯಲ್ಲಿ ಲಾರಿ ನಿಂತದ್ದು ಹಳೆಯ ಸಭೆಯ ಬಯಲಿನಲ್ಲೇ. ಉಸ್ಮಾನಸಾಬ ಹಾಡು ಹಚ್ಚಿ ಕೆಳಗಿಳಿದ. ಸಾಬೀರಾ ಕಿಟಕಿಯಿಂದ ನೋಡುತ್ತಿದ್ದಳು. ಅವನು ಜನರ ನಡುವೆ ಹಾದು ಬಯಲಿನ ಒಂದು ಕಡೆ ಹೋದ, ಅಲ್ಲಿಂದ ಇನ್ನೊಂದು ಕಡೆ ಹೋದ. ಕಳೆದ ಸಾಮಾನು ಹುಡುಕುವವನಂತೆ ನೆಲ ನೋಡುತ್ತ ತಿರುಗಿದ. ಆಮೇಲೆ ಒಂದು ಜಾಗದಲ್ಲಿ ನಿಂತುಬಿಟ್ಟ. ಸುತ್ತ ಜನ ಕುಣಿಯುತ್ತಿದ್ದರು. ಒಬ್ಬ ಮುದುಕ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದ. ಉಸ್ಮಾನಸಾಬ ತಲೆಯಾಡಿಸಲಿಲ್ಲ. ಆ ಮುದುಕನ ಎರಡೂ ರಟ್ಟೆ ಹಿಡಿದು, "ನನಗ ಕೇಳಸೂದಿಲ್ಲ, ಯಜ್ಜಾ. ನಾ ಕಿವುಡ ಅದೇನಿ. ಇನ್ನೊಮ್ಮೆ ಹೇಳ್ರಿ, ಜ್ವಾರಾಗಿ ಹೇಳ್ರಿ" ಎಂದು ಅಳತೊಡಗಿದ. ಮುದುಕ ಗಾಬರಿಯಾಗಿ, "ಏನಿಲ್ಲಪಾ, ಹಾಡು ಚಲೋ ಐತಿ ಅಂದೆ" ಎಂದ. ಸಾಬೀರಾ ಇಳಿದು ಹೋಗಿ ಗಂಡನನ್ನು ಕೈಹಿಡಿದು ಕರೆತಂದು ಲಾರಿಯ ನೆರಳಿನಲ್ಲಿ ಕೂರಿಸಿದಳು. ಅಲ್ಲಿಂದ ಲಾರಿ ಮುಂಡರಗಿಗೆ ಹೊರಟಿತು.

*

ದೀಪಾವಳಿ ಮುಗಿದ ಕೂಡಲೇ ಯಂತ್ರ, ಪೆಟ್ಟಿಗೆ ಎಲ್ಲವನ್ನೂ ಧಾರವಾಡದ ತನ್ನ ಬೀಗರಿಗೆ ಕಳಿಸುವುದೆಂದು ಅಂದಪ್ಪ ತೀರ್ಮಾನಿಸಿದ. ಕಟ್ಟಿ ಕೊಡಲು ಗಂಡಹೆಂಡತಿ ಇಬ್ಬರೂ ವಖಾರಿಗೆ ಹೋದರು. ಸಾಬೀರಾ ಹುಲ್ಲು, ಗೋಣಿತಟ್ಟು ಸಿದ್ಧ ಮಾಡುತ್ತಿದ್ದಾಗ ಉಸ್ಮಾನಸಾಬ ಕರೆಂಟು ಹಾಕಿ, ವಾಲ್ವು ಕಾಯಲೆಂದು ಕೂತ. ಆಮೇಲೆ ತಾನೇ ಹೆಡ್‌ಫೋನು ಹಾಕಿಕೊಂಡು, ಮೈಕನ್ನು ಅವಳ ಕಡೆ ತಿರುಗಿಸಿದ.

"ಹೇಳು," ಎಂದ. "ಆವತ್ತಿಂದೆಲ್ಲಾ ಹೇಳು. ಅಕಿ ಏನಂದಳು, ಏನ್ ಮಾಡಿದಳು. ಏನೂ ಬಿಡಬ್ಯಾಡ."

"ಯಾಕ್ರಿ ಈಗ?"

"ಆಮ್ಯಾಲೆ ನನಗ ಕೇಳಸೂದಿಲ್ಲ."

ಸಾಬೀರಾ ಹೇಳಿದಳು. ಬೆಳಿಗ್ಗೆ ಪುಟಾಣಿ ಬೆಲ್ಲ ಬೇಡಿದ್ದು, ನುಂಗಲಾರದೆ ತಾಯಿಯ ಅಂಗೈಗೇ ಉಗುಳಿದ್ದು. ಮೂಕಪ್ಪ ಸೈಕಲ್ ಹತ್ತುವಾಗ, ಅಬ್ಬಾನ್ನ ಸೈಕಲ್ ಮೇಲೆ ಕೂಡ್ರಿಸಿಕೊಂಡು ಬಾ ಎಂದು ಸನ್ನೆ ಮಾಡಿದ್ದು. ಅವನು ತಿರುಗಿ ಬಂದು, ಬರ್ತಾನವಾ ಅಂದಾಗ ನಕ್ಕದ್ದು. ಹೇಳುತ್ತ ಹೇಳುತ್ತ ಅವಳ ದನಿ ಕುಗ್ಗಿತು. ಅವನು ಮುಳ್ಳು ನೋಡಿ ಒಂದೊಂದೇ ಮೆಟ್ಟಿಲು ಏರಿಸುತ್ತ ಹೋದ.

"ಸಂಜಿ ಮುಂದ ದನಿ ಪೂರಾ ಹೋತು. ಬರೇ ಉಸುರು. ಒಲಿ ಕಡೆ ಬೆರಳ ಮಾಡಿದಳು. ನೀರೇನಂದೆ, ಅಲ್ಲಂತ ತಲಿ ಅಲ್ಲಾಡಿಸಿದಳು. ಸಾರು ತೊಳಸೂ ಹುಟ್ಟು ಕೊಟ್ಟೆ. ಅದನ್ನ ಬಾಯಿ ಮುಂದ ಹಿಡಕೊಂಡು... ನೀವು ಅಂಗಡ್ಯಾಗ ಮಾಡ್ತಿದ್ರೆಲ್ಲ, ಮೈಕ ಪರೀಕ್ಷಾ ಮಾಡುವಾಗ... ಹಂಗ 'ಹಲೋ, ಹಲೋ' ಅಂದಳು. ದನಿ ಇಲ್ಲ, ಬರೇ ತುಟಿ. 'ಹಲೋ, ಅಬ್ಬಾ, ಹಲೋ.' ನಿಮ್ಮ ಭೋಂಗಾದಾಗ ಕೇಳಸ್ತೈತಿ ಅಂತ ತಿಳಿದಿದ್ಳೇನೋ. ಆಮ್ಯಾಲೆ ಕೈ ಸಡಲಾತು."

ಉಸ್ಮಾನಸಾಬ ಕಣ್ಣು ಮುಚ್ಚಿ ಕೂತಿದ್ದ. ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ಅವನ ಬೆರಳು ತಿರುಗಣಿಯ ಕಟ್ಟಕಡೆಯ ಮೆಟ್ಟಿಲಿಗೆ ಬಂದು ನಿಂತಿತ್ತು; ಅದರಾಚೆ ಏರಿಸಲು ಏನೂ ಇರಲಿಲ್ಲ.

"ಕೇಳಸ್ತು," ಎಂದ. "ಈಗ ಕೇಳಸ್ತು, ಸಾಬೀರಾ."

ವಾಲ್ವು ಆರುವ ತನಕ ಇಬ್ಬರೂ ಹಾಗೇ ಕೂತರು. ಆಮೇಲೆ ಪೆಟ್ಟಿಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಹುಲ್ಲು ತುಂಬಿ, ಹಗ್ಗ ಬಿಗಿದರು.

ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಕಿವಿ ಪೂರ್ತಿ ಹೋಯಿತು; ಸಂಕ್ರಾಂತಿಯ ಹೊತ್ತಿಗೆ ಅಂಗಳದಲ್ಲಿ ಸಿಡಿದ ಪಟಾಕಿಯೂ ಅವನಿಗೆ ಕೇಳುತ್ತಿರಲಿಲ್ಲ. ಮೈಕ್‌ಸೆಟ್ಟು ನಿಲ್ಲಲಿಲ್ಲ. ಲಗ್ನಗಳಿಗೆ ಸಾಬೀರಾ ಜೊತೆಗೆ ಹೋಗಿ ಹೆಂಗಸರ ಕಡೆ ಕೂರುವಳು. ಭೋಂಗಾ ಕಿರುಚುವ ಮೊದಲೇ ಅವಳ ಕೈ ಮೇಲೇಳುವುದು, ಅವನು ಇಳಿಸುವನು. ಶುಕ್ರವಾರ ನಮಾಜು ಮುಗಿಸಿ ಅವನು ಮಗಳ ಗೋರಿಯ ಕಡೆ ಹೋಗಿ ಬರುವನು. ಅಲ್ಲಿ ಏನು ಮಾಡುತ್ತಾನೆ, ಏನು ಹೇಳುತ್ತಾನೆ ಎಂದು ಸಾಬೀರಾ ಕೇಳಲಿಲ್ಲ. ಕೇಳುವ ದಾರಿಯೂ ಇರಲಿಲ್ಲ.

ಅವಳು ಒದರುವುದನ್ನು ಬಿಟ್ಟಳು. ಬೇಸಿಗೆಯಲ್ಲೊಂದು ಮಧ್ಯಾಹ್ನ ಮರಿಯವ್ವ ಮಗ್ಗದಿಂದ ಎದ್ದು ಬಂದು, ದನಿ ತಗ್ಗಿಸಿ ಕೇಳಿದಳು: "ಏನವಾ ಸಾಬೀರಾ, ಗಂಡಾ ಹೆಂಡ್ತಿ ಜಗಳಾಡೀರ್‍ಯೇನು? ನಿಮ್ಮನ್ಯಾಗ ಈಗ ಸಪ್ಪಳನ ಇಲ್ಲಲ್ಲ."

"ಇಲ್ಲವಾ, ಜಗಳಿಲ್ಲ," ಎಂದಳು ಸಾಬೀರಾ. "ಒದರಿದರೂ ಅವರಿಗೆ ಕೇಳಸೂದಿಲ್ಲ ಈಗ." ಮರಿಯವ್ವ ಅವಳ ಬೆನ್ನ ಮೇಲೆ ಕೈಯಿಟ್ಟು, ತುಸು ಹೊತ್ತು ಹೊಸ್ತಿಲಲ್ಲೇ ಕೂತು ಎದ್ದುಹೋದಳು.